ನುವರ ಎಲಿಯ: ಚಹಾದ ಊರು, ವಿಳಾಸವಿಲ್ಲದ ಜನ

(ಪಕ್ಷದ ಜಿಲ್ಲಾ ಕಚೇರಿಯಲ್ಲಿ ನಡೆದ ಅಭ್ಯಾಸವರ್ಗದಲ್ಲಿ ಮಾಡಿದ ಭಾಷಣ)



ಬೆಳಗಿನ ಪಾಳಿಗೆ ಹೊರಡುವವನಿಗೂ ಅಂಗಡಿಯ ಬಾಗಿಲು ತೆರೆಯುವವನಿಗೂ ಮೊದಲು ಬೇಕಾದದ್ದು ಒಂದು ಲೋಟ ಚಹಾ. ಚಹಾ ಬೆಳೆಯುವ ಒಂದು ಊರಿನ ವಿಚಾರವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅದು ಶ್ರೀಲಂಕಾದ ಮಲೆಸೀಮೆಯ ನುವರ ಎಲಿಯ.

ಊರು ಸಮುದ್ರಮಟ್ಟಕ್ಕಿಂತ ಆರು ಸಾವಿರ ಅಡಿ ಎತ್ತರದಲ್ಲಿದೆ. ಪಕ್ಕದಲ್ಲೇ ದ್ವೀಪದ ಅತಿ ಎತ್ತರದ ಶಿಖರ ಪಿದುರುತಲಾಗಲ, 2,524 ಮೀಟರು. ಚಳಿಯಲ್ಲಿ ಚಿಗುರು ನಿಧಾನವಾಗಿ ಬೆಳೆಯುವುದರಿಂದ ಇಲ್ಲಿಯ ಚಹಾಕ್ಕೆ ಪರಿಮಳ ಹೆಚ್ಚು. ಇಂಗ್ಲಿಷ್ ದೊರೆಗಳು ತಮ್ಮ ದೇಶದ ನೆನಪಿಗೆ ಇಲ್ಲಿ ಕುದುರೆ ಜೂಜಿನ ಮೈದಾನ, ಕೆರೆ, ಕೆಂಪು ಇಟ್ಟಿಗೆಯ ಅಂಚೆ ಕಚೇರಿ ಕಟ್ಟಿಸಿದರು. ನೋಡಲು ಬಂದವರೆಲ್ಲ ಆ ಅಂಚೆ ಕಚೇರಿಯ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ.

ಈ ಮಲೆಯಲ್ಲಿ ಮೊದಲು ಇದ್ದದ್ದು ಕಾಫಿ. 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಅದನ್ನು ತಿಂದುಹಾಕಿತು. 1867ರಲ್ಲೇ ಜೇಮ್ಸ್ ಟೇಲರ್ ಎಂಬಾತ ಕ್ಯಾಂಡಿಯ ಕಡೆ 19 ಎಕರೆಯಲ್ಲಿ ಚಹಾ ಹಾಕಿದ್ದ. ಕಾಫಿ ಹೋದ ನೆಲಕ್ಕೆ ಆ ಗಿಡ ಹಬ್ಬಿತು.

ನೆಟ್ಟವರು, ಕಿತ್ತವರು ಯಾರು? ತಮಿಳುನಾಡಿನ ಬರಗಾಲದ ಹಳ್ಳಿಗಳಿಂದ ಬಂದ ಬಡವರು. ಕರೆತಂದವನು ಕಂಗಾಣಿ, ನಮ್ಮ ಮೇಸ್ತ್ರಿ ಇದ್ದಂತೆ. ದಾರಿಯ ಖರ್ಚೇ ಮೊದಲ ಸಾಲ. ಆ ಸಾಲದ ಲೆಕ್ಕ ‘ತುಂಡು’ ಎಂಬ ಚೀಟಿಯ ಮೇಲೆ ಕೂಲಿಯವನ ಹಿಂದೆಯೇ ತೋಟದಿಂದ ತೋಟಕ್ಕೆ ಹೋಗುತ್ತಿತ್ತು. 1921ರಲ್ಲಿ ಅದು ರದ್ದಾಯಿತು. ಅಂಗಡಿ ಇಟ್ಟವರಿಗೆ ಸಾಲದ ಚೀಟಿಯ ಅರ್ಥ ನಾನು ಹೇಳಬೇಕಾಗಿಲ್ಲ.

1947ರ ಚುನಾವಣೆಯಲ್ಲಿ ಈ ಜನ ಓಟು ಹಾಕಿದರು. ನುವರ ಎಲಿಯದಿಂದ ಸೌಮ್ಯಮೂರ್ತಿ ತೊಂಡಮಾನ್ ಗೆದ್ದರು. ಮರುವರ್ಷವೇ, ಸ್ವಾತಂತ್ರ್ಯ ಬಂದ 1948ರಲ್ಲೇ, ಹೊಸ ಪೌರತ್ವ ಕಾನೂನು ಇವರನ್ನು ಪರದೇಶಿಗಳನ್ನಾಗಿ ಮಾಡಿತು; ಓಟೂ ಹೋಯಿತು. ಗಿಡ ಅಲ್ಲಿಯದಾಯಿತು, ಗಿಡ ನೆಟ್ಟ ಕೈ ಅಲ್ಲಿಯದಾಗಲಿಲ್ಲ!

1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿರಿಮಾವೊ ಬಂಡಾರನಾಯಕೆಯವರೂ ಒಪ್ಪಂದ ಮಾಡಿಕೊಂಡರು. 5,25,000 ಜನ ಭಾರತಕ್ಕೆ, 3,00,000 ಜನ ಲಂಕೆಗೆ. ಉಳಿದ 1,50,000 ಜನರ ಮಾತು ಆಮೇಲೆ. ಮೂಟೆ ಎಣಿಸುವಾಗಲೂ ಗಿರಾಕಿಯನ್ನು ಒಂದು ಮಾತು ಕೇಳುತ್ತೇವೆ. ಇಲ್ಲಿ ಮನುಷ್ಯರನ್ನು ಹಂಚುವಾಗ ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಹಾಗೆ ಬಂದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರಿನ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆನಿಂತರು. ಉಳಿದವರಿಗೆ ಲಂಕೆಯ ಪೌರತ್ವ ಪೂರ್ತಿ ಸಿಗಲು 2003ರ ಕಾನೂನೇ ಬೇಕಾಯಿತು.

ಇನ್ನು ಆಡಳಿತ. ಪೇಟೆಗೆ ನಗರಸಭೆ, ಸುತ್ತಲಿನ ಸೀಮೆಗೆ ಪ್ರಾದೇಶಿಕ ಸಭೆಗಳು. ಜಿಲ್ಲಾ ಕಚೇರಿಗೆ ಅಲ್ಲಿಯೂ ‘ಕಚ್ಚೇರಿ’ ಎಂದೇ ಹೆಸರು. ಆದರೆ 1987ರ ಪ್ರಾದೇಶಿಕ ಸಭೆಗಳ ಕಾನೂನಿನಂತೆ ತೋಟದೊಳಗಿನ ವಸತಿಗೆ ಸಭೆಯ ಹಣ ಹಾಕಲು ಅಡ್ಡಿಯಿತ್ತು. ಓಟು ಪಡೆದ ಸದಸ್ಯನಿಗೆ ಓಟು ಕೊಟ್ಟವರ ಓಣಿಗೆ ದಾರಿ ಹಾಕಿಸುವ ಅಧಿಕಾರವಿರಲಿಲ್ಲ! 2018ರಲ್ಲಿ ತಿದ್ದುಪಡಿ ಬಂತು. ತೋಟಗಳನ್ನು 1970ರ ದಶಕದಲ್ಲಿ ಸರಕಾರ ವಹಿಸಿಕೊಂಡಿತು, 1992ರಲ್ಲಿ ಆಡಳಿತ ಮತ್ತೆ ಕಂಪನಿಗಳಿಗೆ ಹೋಯಿತು. ಒಡೆಯರು ಬದಲಾದರು, ಸಾಲುಮನೆಯ ಹತ್ತಡಿ ಕೋಣೆ ಬಹುಮಂದಿಗೆ ಬದಲಾಗಲಿಲ್ಲ. ಅದಕ್ಕೆ ನಂಬರೂ ಇಲ್ಲದ ಕಡೆ ಕಾಗದ ತೋಟದ ಆಫೀಸಿಗೆ ಬರುತ್ತದೆ. ಅಂಥ ಅಂದದ ಅಂಚೆ ಕಚೇರಿಯಿದ್ದ ಸೀಮೆಯಲ್ಲಿ ಕೂಲಿಯವಳ ಕಾಗದ ಅವಳ ಬಾಗಿಲಿಗೆ ಬಾರದು.

ಸಂಗಾತಿಗಳೇ, ಕೂಲಿ ಹೆಚ್ಚಬೇಕೆಂದು ನಾವು ಕೂಗುವುದು ಸರಿಯೇ. 2021ರಲ್ಲಿ ಅಲ್ಲಿಯೂ ವರ್ಷಗಟ್ಟಲೆ ಹೋರಾಡಿ ದಿನಕ್ಕೆ ಸಾವಿರ ರೂಪಾಯಿ ಪಡೆದರು. ಜೊತೆಗೆ ಇನ್ನು ಮೂರು ಪ್ರಶ್ನೆ ಕೇಳಿಕೊಳ್ಳೋಣ. ನಾನಿರುವ ಮನೆಯ ಪತ್ರ ಯಾರ ಹೆಸರಿನಲ್ಲಿದೆ? ನನ್ನ ಓಣಿಗೆ ನೀರು ಕೊಡಬೇಕಾದ್ದು ಯಾವ ಕಚೇರಿ? ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಇದೆಯೇ? ಚಾಳಿನಲ್ಲಿರುವವನಿಗೂ ರಸ್ತೆಬದಿಯ ಅಂಗಡಿಯವನಿಗೂ ಈ ಪ್ರಶ್ನೆಗಳು ಒಂದೇ. ನಾಳೆ ಚಹಾ ಕುಡಿಯುವಾಗ ಪಕ್ಕದವನನ್ನು ಇವನ್ನೇ ಕೇಳಿ. ಉತ್ತರ ಸಿಗದವರು ಭಾನುವಾರ ಕಚೇರಿಗೆ ಬನ್ನಿ, ಪಟ್ಟಿ ತರಿಸಿ ಕೂಡಿ ನೋಡೋಣ.