ಬೆಳೆ ಕಾಯುವ ಬಂದೂಕು ಸಿಡಿಯದೆ ನಿಂತಾಗ



ಶೇಂಗಾ ಕಾಯಿಕಟ್ಟುವ ಹೊತ್ತಿಗೆ, ಜೋಳ ಹಾಲುಗಾಳಾಗುವ ಹೊತ್ತಿಗೆ ಯಾದಗಿರಿ, ಶಹಾಪುರ, ಸುರಪುರ ಕಡೆಯ ಗುಡ್ಡದ ಮಗ್ಗುಲಿನ ಹೊಲದವರಿಗೆ ರಾತ್ರಿ ನಿದ್ದೆಯಿಲ್ಲ. ಹಂದಿಯ ಹಿಂಡು ನುಗ್ಗಿತೆಂದರೆ ಬೆಳಗಾಗುವುದರೊಳಗೆ ಹೊಲ ಉತ್ತಂತೆ ಆಗಿರುತ್ತದೆ. ಹಲಗೆ ಬಾರಿಸುತ್ತೀರಿ, ಕವಣೆ ಬೀಸುತ್ತೀರಿ, ಬೆಂಕಿ ಹಾಕುತ್ತೀರಿ. ಕೆಲವರಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಬಂದೂಕೂ ಉಂಟು. ಆ ಬಂದೂಕು ಸಿಡಿಯದೆ ನಿಂತರೆ ಏನು ಮಾಡಬೇಕು? ಇವತ್ತಿನ ಮಾತು ಅದೇ.

ಬಂದೂಕು ನಮ್ಮ ಸೀಮೆಗೆ ಹೊಸದಲ್ಲ. 1705ರಲ್ಲಿ ಔರಂಗಜೇಬನೇ ಬಂದು ಸುರಪುರದ ಹತ್ತಿರದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದಾಗ, ಅವನ ದೊಡ್ಡ ಸೈನ್ಯವನ್ನು ವಾರಗಟ್ಟಲೆ ತಡೆದು ನಿಲ್ಲಿಸಿದವರು ಬೇಡರ ಬಂದೂಕುಗಾರರು. ಅಂಥ ಸೀಮೆಯವರಿಗೆ ಗುರಿ ಹಿಡಿಯುವುದನ್ನು ನಾನೇನು ಹೇಳಿಕೊಡಲಿ! ಆದರೆ ಗುರಿ ಹಿಡಿಯುವ ವಿದ್ಯೆ ಬೇರೆ, ಕೆಟ್ಟು ನಿಂತ ಬಂದೂಕನ್ನು ಬರಿದು ಮಾಡುವ ವಿದ್ಯೆ ಬೇರೆ.

ತೊಗರಿ ಬೆಳೆ ನೋಡಲು ಒಂದೂರಿಗೆ ಹೋಗಿದ್ದೆ. ಹೊಲದ ಯಜಮಾನರ ಕೈಯಲ್ಲಿ ಎರಡು ಬೆರಳು ಇರಲಿಲ್ಲ. ಕೇಳಿದ್ದಕ್ಕೆ ಅಂದರು: “ಕುದುರಿ ಜಗ್ಗಿದೆ, ಕಟ್ ಅಂತು ಸಾಹೇಬ್ರ. ಹಂದಿ ಓಡಿ ಹೋದೀತಂತ ಗಡಬಡಿಸಿ ಬಂದೂಕು ತೆರೆದೆ. ಆವಾಗ ಸಿಡೀತು. ಹಂದೀನೂ ಹೋತು, ಬೆರಳೂ ಹೋದವು.”

ಹೀಗೇಕೆ ಆಯಿತು? ತೋಟಾದ ಬುಡದಲ್ಲಿ ಸಣ್ಣದೊಂದು ಕೇಪು ಇರುತ್ತದೆ. ಬಂದೂಕಿನ ಮೊಳೆ ಅದಕ್ಕೆ ಬಡಿದರೆ ಕಿಡಿ ಹುಟ್ಟಿ ಮದ್ದು ಹೊತ್ತುತ್ತದೆ. ತೋಟಾ ಹಳೆಯದಾಗಿದ್ದರೆ, ತೇವ ಕುಡಿದಿದ್ದರೆ, ಮದ್ದು ತಡವಾಗಿ ಹೊತ್ತಬಹುದು. ಬಂದೂಕು ಮುಚ್ಚಿದ್ದರೆ ಆ ಬಲ ನಳಿಗೆಯಿಂದ ಮುಂದಕ್ಕೆ ಹೋಗುತ್ತದೆ. ತೆರೆದಿದ್ದರೆ ತೋಟಾ ನಿಮ್ಮ ಕೈಯಲ್ಲಿಯೇ ಒಡೆಯುತ್ತದೆ. ಹೀಗಾಗುವುದು ಅಪರೂಪ. ಆದರೆ ಒಮ್ಮೆ ಆದರೆ ಸಾಕಲ್ಲವೇ?

ಆದ್ದರಿಂದ ‘ಕಟ್’ ಎಂದ ಕೂಡಲೇ ಹೀಗೆ ಮಾಡಿರಿ.

ಮೊದಲನೆಯದು: ನಳಿಗೆ ಅಲ್ಲಾಡಬಾರದು. ಜನ, ದನ, ಗುಡಿಸಲು, ದಾರಿ ಇಲ್ಲದ ಕಡೆಗೆ, ಮೆತ್ತನೆಯ ಮಣ್ಣಿನ ಒಡ್ಡಿನ ಕಡೆಗೆ ಅದು ಇರಲಿ. ಬಂಡೆಯ ಕಡೆಗೆ ಬೇಡ, ಚರೆ ತಿರುಗಿ ಹಾರೀತು.

ಎರಡನೆಯದು: ಕುದುರೆಯಿಂದ ಬೆರಳು ತೆಗೆಯಿರಿ. ಮತ್ತೊಮ್ಮೆ ಜಗ್ಗಬೇಡಿರಿ.

ಮೂರನೆಯದು: ಕಾಯಿರಿ. ತೋಟಾ ಹಾಕುವ ಬಂದೂಕಾದರೆ ಒಂದರಿಂದ ಅರವತ್ತರವರೆಗೆ ನಿಧಾನವಾಗಿ ಎಣಿಸಿರಿ. ಬಾಯಿಯಿಂದ ಮದ್ದು ಜಡಿಯುವ ಹಳೆಯ ಬಂದೂಕಾದರೆ ಇನ್ನೂ ಹೆಚ್ಚು ಕಾಯಿರಿ. ಹಂದಿ ಹೋದರೆ ಹೋಗಲಿ.

ನಾಲ್ಕನೆಯದು: ಮುಖವನ್ನು ಬಂದೂಕಿನ ಹಿಂಬದಿಯಿಂದ ಪಕ್ಕಕ್ಕೆ ಸರಿಸಿ ತೆರೆಯಿರಿ, ತೋಟಾ ಹೊರತೆಗೆಯಿರಿ. ಜೋಡುನಳಿಗೆಯಾದರೆ ಎರಡೂ ತೋಟಾ ತೆಗೆಯಿರಿ. ಕೇಪಿನ ಮೇಲೆ ಮೊಳೆಯ ಗುರುತು ಚೆನ್ನಾಗಿ ಬಿದ್ದಿದ್ದರೆ ದೋಷ ತೋಟಾದ್ದು. ಗುರುತೇ ಇಲ್ಲದಿದ್ದರೆ ದೋಷ ಬಂದೂಕಿನದು. ಆ ತೋಟಾ ಮತ್ತೆ ಹಾಕಬೇಡಿರಿ, ಬೆಂಕಿಗೂ ತಿಪ್ಪೆಗೂ ಎಸೆಯಬೇಡಿರಿ. ಮಕ್ಕಳ ಕೈಗೆ ಸಿಗದಂತೆ ಇಟ್ಟು, ಮಾರಿದ ಅಂಗಡಿಯವರನ್ನೋ ಪೊಲೀಸ್ ಠಾಣೆಯನ್ನೋ ಕೇಳಿ ಒಪ್ಪಿಸಿರಿ.

ತೇವಕ್ಕೆ ತೋಟಾ ಉಬ್ಬಿ ನಳಿಗೆಯಲ್ಲಿ ಕಚ್ಚಿಕೊಂಡಿದ್ದರೆ ಚಾಕುವಿನಿಂದ ಮೀಟಬೇಡಿರಿ, ಬಾಯಿಯಿಂದ ಸರಳು ತೂರಿಸಿ ಬಡಿಯಬೇಡಿರಿ. ಯಾರನ್ನೂ ಹತ್ತಿರ ಬಿಡದೆ, ತಿಳಿದ ಬಂದೂಕು ರಿಪೇರಿಯವರನ್ನು ಕರೆಸಿರಿ. ಬಾಯಿಯಿಂದ ಜಡಿದ ಮದ್ದೂ ಅಷ್ಟೇ. ಕಾಯ್ದ ಮೇಲೆ ಕೇಪು ತೆಗೆದಿಟ್ಟು ಅವರಿಗೇ ತೋರಿಸಿರಿ. ನಳಿಗೆಯೊಳಗೆ ಇಣುಕುವುದು, ಊದುವುದು ಎಂದಿಗೂ ಬೇಡ.

ಇನ್ನೊಂದು ಅಪಾಯ ಇದೆ. ‘ಢಂ’ ಎನ್ನುವ ಬದಲು ‘ಪುಸ್’ ಎಂದರೆ, ನಳಿಗೆಯಲ್ಲಿ ಬಿರಡೆ ಸಿಕ್ಕಿರಬಹುದು. ಮೇಲೆ ಇನ್ನೊಂದು ಹಾರಿಸಿದರೆ ನಳಿಗೆಯೇ ಒಡೆಯುತ್ತದೆ. ನಮ್ಮ ಎರೆಮಣ್ಣು ಬಾಯಿಗೆ ಮೆತ್ತಿದರೂ ಇದೇ ಗತಿ. 20 ಬೋರಿನ ತೋಟಾ 12 ಬೋರಿನ ನಳಿಗೆಯೊಳಗೆ ಜಾರಿ ಕೂತು, ಅದರ ಹಿಂದೆ 12ರ ತೋಟಾ ಹಾಕಿದರಂತೂ ದೊಡ್ಡ ಅನಾಹುತ. ಎರಡು ನಮೂನೆ ತೋಟಾ ಒಂದೇ ಚೀಲದಲ್ಲಿ ಇಡಬೇಡಿರಿ.

ನಿಮ್ಮೂರಲ್ಲಿ ನಿವೃತ್ತ ಸೈನಿಕರಿದ್ದರೆ ಕೇಳಿ ನೋಡಿರಿ. ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾನೇ ಒಳಗೆ ತುಂಬಿಕೊಳ್ಳುವ ಎಸ್.ಎಲ್.ಆರ್. ರೈಫಲ್ ಸಿಕ್ಕಿಕೊಂಡರೂ ನಳಿಗೆ ಸುರಕ್ಷಿತ ದಿಕ್ಕಿಗೆ, ಬೆರಳು ಹೊರಗೆ, ಆಮೇಲೆ ಮೊದಲು ಮ್ಯಾಗಜೀನು, ಅನಂತರ ಬೋಲ್ಟು. ಕ್ರಮ ತಪ್ಪಿಸಿ ಬೋಲ್ಟು ಮೊದಲು ಎಳೆದು ಬಿಟ್ಟರೆ ಇನ್ನೊಂದು ಗುಂಡು ಒಳಗೆ ಹೋಗಿ ಕೂಡುತ್ತದೆ. ಕೊನೆಗೆ ಗುಂಡಿನ ಮನೆ ಬರಿದಾಗಿದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಬೇಕು. ಬಂದೂಕು ಯಾವುದಾದರೇನು, ನಿಯಮ ಒಂದೇ.

ತಾಯಂದಿರೇ, ಹೊಲದಿಂದ ಬಂದವರ ಬಂದೂಕು ಬರಿದಾಗಿದೆಯೇ ಎಂದು ಬಾಗಿಲಲ್ಲೇ ಕೇಳಿರಿ. ಬಂದೂಕು ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ ಇರಲಿ.

ಕಡೆಯದಾಗಿ, ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡುಪ್ರಾಣಿಗೆ ಗುಂಡು ಹೊಡೆಯುವ ಅಪ್ಪಣೆ ಇದೆ ಎಂದಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ. ಹಂದಿಯ ಕಾಟವಾದರೆ ಮೊದಲು ಅರಣ್ಯ ಇಲಾಖೆಗೆ ತಿಳಿಸಿರಿ, ಬೆಳೆ ನಷ್ಟದ ಪರಿಹಾರಕ್ಕೂ ಅಲ್ಲಿಯೇ ಅರ್ಜಿ ಕೊಡಿರಿ.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದಾರೆ. ಹೋದ ಶೇಂಗಾ ಮುಂದಿನ ಮುಂಗಾರಿಗೆ ಬರುತ್ತದೆ, ಹೋದ ಬೆರಳು ಬರುವುದಿಲ್ಲ. ಅರವತ್ತು ಎಣಿಸುವುದನ್ನು ಮರೆಯಬೇಡಿರಿ.