ಮಾತು ಬಾರದ ಮಗು, ನಾನು ಆಡಿದ ಮಾತು
(ಭೋರಿನಲ್ಲಿ ಸಂಘದ ಸದಸ್ಯರ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ನನಗೆ ಭಾಷಣದ ಅಭ್ಯಾಸವಿಲ್ಲ ಎಂದರೆ ತಾವೆಲ್ಲ ನಗುತ್ತೀರಿ. ಸಂಬಳದ ಮಾತು ಬಂದಾಗ ನಾನು ಎಷ್ಟು ಕೂಗುತ್ತೇನೆಂಬುದು ತಮಗೆ ಗೊತ್ತು. ಆದರೆ ಇಂದಿನ ವಿಷಯ ಕೂಗಿ ಹೇಳುವಂಥದಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟು ಮೇಜು ಒರೆಸಲು ಬಂದವನು ನಾನು. ಮಕ್ಕಳ ವಿದ್ಯೆಯ ಬಗ್ಗೆ ನಾನು ಬುದ್ಧಿ ಹೇಳುವುದು ಅಧಿಕಪ್ರಸಂಗವೇ ಸರಿ. ಹಾಗಿದ್ದರೂ ಏಕೆ ನಿಂತಿದ್ದೇನೆಂದರೆ, ಈ ವಿಷಯದಲ್ಲಿ ಒಂದು ದೊಡ್ಡ ತಪ್ಪು ಮಾಡಿದವನು ನಾನೇ.

ಇಲ್ಲಿ ಬಸ್‌ ನಿಲ್ದಾಣದ ಹತ್ತಿರ ಕುಂದಾಪುರದ ಕಡೆಯ ಒಬ್ಬರು ದೋಸೆ ಭಟ್ಟರಿದ್ದರು. ಅವರ ಹೆಸರು ಬೇಡ. ಅವರ ಗಂಡುಮಗುವಿಗೆ ಮೂರು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಒಂದು ದಿನ ಭಟ್ಟರ ಹೆಂಡತಿ ನನ್ನನ್ನು ಕರೆದು, "ಅಣ್ಣಾ, ಇವನು ಕರೆದರೆ ತಿರುಗುವುದಿಲ್ಲ, ಅಮ್ಮಾ ಎನ್ನುವುದಿಲ್ಲ, ಯಾರಿಗಾದರೂ ತೋರಿಸಬೇಕೋ ಏನೋ" ಎಂದರು. ನಾನು ಚಹ ಕುಡಿಯುತ್ತಾ ದೊಡ್ಡ ಪಂಡಿತನ ಹಾಗೆ ಹೇಳಿದೆ: "ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ಮಗುವಿಗೆ ಗಲಿಬಿಲಿ ಆಗಿದೆ. ಗಂಡುಮಕ್ಕಳು ತಡವಾಗಿಯೇ ಮಾತಾಡುವುದು. ಕಾಯಿರಿ." ಅವರು ಕಾದರು. ಸಂಘದ ಮನುಷ್ಯ ಹೇಳಿದನಲ್ಲ!

ಎರಡು ವರ್ಷ ಹೋಯಿತು. ಅಷ್ಟರಲ್ಲಿ ಭಟ್ಟರು ಮೂರು ಹೋಟೆಲು ಬದಲಾಯಿಸಿದ್ದರು. ಹೀಗೆ ಊರು ಬದಲಿಸುವ ಮನೆಯ ಮಗು ಯಾವ ಅಂಗನವಾಡಿಯ ಪುಸ್ತಕದಲ್ಲೂ ಉಳಿಯುವುದಿಲ್ಲ. ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ಪರೀಕ್ಷಿಸಲು ಸರಕಾರದ ವೈದ್ಯರ ತಂಡವೊಂದು ಬರುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅದು. ತಂಡ ಬಂದ ದಿನ ನಮ್ಮ ಹುಡುಗ ಇನ್ನೊಂದು ಊರಿನ ಹೋಟೆಲಿನ ಹಿಂಬದಿಯಲ್ಲಿ ಆಡುತ್ತಿದ್ದ.

ಕೊನೆಗೆ ಐದು ವರ್ಷ ನಾಲ್ಕು ತಿಂಗಳಾದಾಗ ಅವನನ್ನು ಪುಣೆಯ ಸಸೂನ್ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬೆಳಗಿನ ಬಸ್ಸು ಹಿಡಿದು, ಕಾಪೂರಹೋಳ ದಾಟಿ, ಸ್ವಾರಗೇಟಿನಲ್ಲಿ ಇಳಿದು, ಮತ್ತೊಂದು ಬಸ್ಸು. ಮಗುವನ್ನು ಮಲಗಿಸಿ ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ ಕಿವಿಯ ಪರೀಕ್ಷೆ ಮಾಡಿದರು. ಬೇರಾ ಪರೀಕ್ಷೆ ಎನ್ನುತ್ತಾರೆ. ಮಗು ಉತ್ತರ ಹೇಳಬೇಕಾದ್ದಿಲ್ಲ, ಯಂತ್ರವೇ ಹೇಳುತ್ತದೆ. ಎರಡು ಕಿವಿಯೂ ಕೇಳಿಸುತ್ತಿರಲಿಲ್ಲ. ಕನ್ನಡವೂ ಕೇಳಿಸಿರಲಿಲ್ಲ, ಮರಾಠಿಯೂ ಕೇಳಿಸಿರಲಿಲ್ಲ. ಇನ್ನು ಗಲಿಬಿಲಿ ಎಲ್ಲಿಂದ?

ಕೇಂದ್ರ ಸರಕಾರದ ಅಡಿಪ್ ಎಂಬ ಯೋಜನೆಯಲ್ಲಿ ಬಡವರ ಮಕ್ಕಳಿಗೆ ಕಿವಿಯೊಳಗೆ ಯಂತ್ರ ಕೂರಿಸುವ ಶಸ್ತ್ರಕ್ರಿಯೆಗೆ ಹಣ ಸಿಗುತ್ತದೆ. ಹುಟ್ಟಿನಿಂದ ಕೇಳಿಸದ ಮಗುವಾದರೆ ಐದು ವರ್ಷದೊಳಗೆ ಆಗಬೇಕು, ಏಕೆಂದರೆ ಮಾತು ಕಲಿಯುವ ಶಕ್ತಿ ಮಿದುಳಿನಲ್ಲಿ ಚುರುಕಾಗಿರುವುದು ಆ ವಯಸ್ಸಿನಲ್ಲೇ. ನಾಲ್ಕು ತಿಂಗಳು ಮೀರಿತ್ತು. ಭಟ್ಟರು ನನಗೆ ಒಂದು ಮಾತೂ ಅನ್ನಲಿಲ್ಲ. ಅವರ ಹೆಂಡತಿಯೂ ಅನ್ನಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಆದುದರಿಂದ ತಾಯಂದಿರೇ, ಮೊದಲನೆಯ ಮಾತು: ಎರಡು ಭಾಷೆಯಿಂದ ಯಾವ ಮಗುವೂ ಮೂಗವಾಗುವುದಿಲ್ಲ. ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ ಎಷ್ಟು ಮಕ್ಕಳು ಮೂರು ಮೂರು ಭಾಷೆ ಆಡುತ್ತವೆ! ಒಂದು ವರ್ಷವಾದರೂ ಕರೆದಾಗ ತಿರುಗದಿದ್ದರೆ, ಎರಡು ವರ್ಷವಾದರೂ ಎರಡು ಪದ ಜೋಡಿಸದಿದ್ದರೆ, ಮಾತಾಡುತ್ತಿದ್ದ ಮಗು ಮಾತು ಬಿಟ್ಟರೆ, ನನ್ನಂಥವನನ್ನು ಕೇಳಬೇಡಿ. ಕಿವಿ ಪರೀಕ್ಷೆ ಮಾಡಿಸಿ.

ಇನ್ನು ಕಾಗದಪತ್ರದ ಮಾತು. ಹೋಟೆಲಿನವರು ಸೋಲುವುದು ಇಲ್ಲಿಯೇ. 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯಿದೆ ಆಯಿತು. 1995ರ ಹಳೆಯ ಕಾಯಿದೆಯಲ್ಲಿ 7 ಬಗೆಯ ಅಂಗವಿಕಲತೆ ಇತ್ತು, ಈಗ 21. ಶೇಕಡಾ 40 ಅಥವಾ ಹೆಚ್ಚು ಎಂಬ ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ, ತಂದೆತಾಯಿಗಳಿಗೆ ಬೇಕಾದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಆ ಮಗುವಿನ ಹಕ್ಕು. ಇದು ಧಣಿಗಳು ದೀಪಾವಳಿಗೆ ಕೊಡುವ ಇನಾಮಲ್ಲ.

ಪ್ರಮಾಣಪತ್ರಕ್ಕೂ, ಯು.ಡಿ.ಐ.ಡಿ. ಎಂಬ ಚೀಟಿಗೂ ಒಂದೇ ಅರ್ಜಿ. ಅದಕ್ಕೆ ಶುಲ್ಕವಿಲ್ಲ. ಯಾರಾದರೂ ದಲ್ಲಾಳಿ ಹಣ ಕೇಳಿದರೆ ಸಂಘಕ್ಕೆ ತಿಳಿಸಿ. ತೊಡಕು ಬೇರೆ ಕಡೆಯಿದೆ. ನಾವು ಹತ್ತು ವರ್ಷದಿಂದ ಇಲ್ಲಿ ದುಡಿದರೂ ಆಧಾರ್ ಚೀಟಿಯಲ್ಲಿ ಊರಿನ ವಿಳಾಸವನ್ನೇ ಇಟ್ಟುಕೊಂಡಿರುತ್ತೇವೆ. ಮನೆ, ಗದ್ದೆ, ದೈವ ಎಲ್ಲ ಅಲ್ಲಿದೆಯಲ್ಲ! ಆದರೆ ಅರ್ಜಿ ವಾಸದ ದಾಖಲೆ ಇರುವ ಜಿಲ್ಲೆಗೇ ಹೋಗುತ್ತದೆ. ಭಟ್ಟರನ್ನು ಒಂದು ಕಚೇರಿಯಲ್ಲಿ "ನಿಮ್ಮ ಊರಿಗೆ ಹೋಗಿ" ಎಂದು ಎರಡು ಸಲ ತಿರುಗಿಸಿದರು. ಎರಡು ದಿನದ ಕೂಲಿ ಹೋಯಿತು. ಮಗುವಿಗೆ ಚಿಕಿತ್ಸೆ ನಡೆಯುತ್ತಿರುವ ಸರಕಾರಿ ಆಸ್ಪತ್ರೆಯಲ್ಲಿಯೂ ಅರ್ಜಿ ಕೊಡಬಹುದೆಂದು 2017ರ ನಿಯಮದಲ್ಲಿದ್ದುದು ಆಗ ನಮಗೆ ತಿಳಿದಿರಲಿಲ್ಲ. ಆಸ್ಪತ್ರೆಯ ಒಂದು ಚೀಟಿಯನ್ನೂ ಬಿಸಾಡಬೇಡಿ. ಇಲ್ಲೇ ನೆಲೆ ನಿಲ್ಲುವವರು ವಿಳಾಸ ಬದಲಾಯಿಸಿಕೊಳ್ಳಿ. ಚೀಟಿ ಕೈಗೆ ಬಂದರೆ ಅದು ದೇಶಕ್ಕೆಲ್ಲ ಸಲ್ಲುತ್ತದೆ, ಮುಂದೆ ಉಡುಪಿಗೆ ಹೋದರೂ ಸರಿ, ಸೊಲ್ಲಾಪುರಕ್ಕೆ ಹೋದರೂ ಸರಿ. ಅಂದ ಹಾಗೆ, ಇಲ್ಲಿನ ಕಚೇರಿಗಳ ಫಲಕದಲ್ಲಿ "ದಿವ್ಯಾಂಗ" ಎಂದು ಬರೆದಿರುತ್ತದೆ. ನಮ್ಮ ಒಬ್ಬ ಗೆಳೆಯರು ಅದು ಯಾವುದೋ ಮಠದ ಕಚೇರಿಯೆಂದು ಮುಂದೆ ನಡೆದುಬಿಟ್ಟಿದ್ದರು.

ಶಾಲೆಯ ವಿಷಯದಲ್ಲಿ ಮನೆಯಲ್ಲಿ ದೊಡ್ಡ ವಾದವಾಯಿತು. ಮೊದಲು ಕೇಳಿದ ಶಾಲೆಯವರು "ನಮ್ಮಲ್ಲಿ ಇಂಥ ಮಕ್ಕಳಿಗೆ ವ್ಯವಸ್ಥೆಯಿಲ್ಲ" ಎಂದರು. ನಾನು ಸಂಘದ ಹಳೆಯ ಉಪಾಯ ತೆಗೆದೆ: "ಇದನ್ನೇ ಬರೆದು ಸಹಿ ಮಾಡಿಕೊಡಿ, ಸ್ವಾಮಿ." ಯಾರೂ ಬರೆದುಕೊಡಲಿಲ್ಲ, ಮರುದಿನ ಹೆಸರು ದಾಖಲಾಯಿತು. ಆದರೆ ಸೇರಿಸಿಕೊಂಡ ಮಾತ್ರಕ್ಕೆ ಕಲಿಸಿದಂತಾಗುವುದಿಲ್ಲ. ಹುಡುಗ ಹಿಂದಿನ ಸಾಲಿನಲ್ಲಿ ಕುಳಿತು ಗೋಡೆ ನೋಡುತ್ತಿದ್ದ. ಪಂಚಾಯತ ಸಮಿತಿಯಲ್ಲಿ ಗಟ ಶಿಕ್ಷಣಾಧಿಕಾರಿಗಳ ಕಚೇರಿಯಿದೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಇಂಥ ಮಕ್ಕಳಿಗಾಗಿ ವಿಶೇಷ ಶಿಕ್ಷಕರನ್ನು ನೇಮಿಸುತ್ತಾರೆ. ಅವರನ್ನು ಕೇಳಲು ಹೋಗಬೇಕಾದದ್ದು ಅಲ್ಲಿಗೆ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನು 2012ರ ತಿದ್ದುಪಡಿ ಕೊಟ್ಟಿದೆ.

ಭಟ್ಟರು ಕೊನೆಗೆ ಪುಣೆಯ ಕಿವುಡು ಮಕ್ಕಳ ಶಾಲೆಯೊಂದನ್ನು ಆರಿಸಿದರು. ಕುಟುಂಬವೇ ಪುಣೆಗೆ ಹೋಯಿತು. ಭೋರಿನಲ್ಲಿ ಒಳ್ಳೆಯ ಕೈಯ ಭಟ್ಟರೊಬ್ಬರು ಕಡಿಮೆಯಾದರು. ತಾಯಿಗೆ ಒಂದು ಭಯವಿತ್ತು: "ಅಲ್ಲಿ ಮರಾಠಿ ಕಲಿಸುತ್ತಾರೆ, ನನಗೆ ಮರಾಠಿ ಸರಿಯಾಗಿ ಬಾರದು. ನನ್ನ ಮಗ ನನಗೇ ಪರದೇಶಿಯಾಗುತ್ತಾನಲ್ಲ?" ಕಿವಿಯ ತಜ್ಞೆ, ಮನೆಯಲ್ಲಿ ತಮಗೆ ಸಹಜವಾದ ಭಾಷೆಯಲ್ಲೇ ಮಗುವಿನ ಮುಖ ನೋಡಿ ಮಾತಾಡಿ ಎಂದರು. ಜೊತೆಗೆ ಕೈಸನ್ನೆಯನ್ನು ತಾಯಿತಂದೆ ಇಬ್ಬರೂ ಕಲಿಯಬೇಕೆಂದರು. ಭಾರತೀಯ ಸನ್ನೆಭಾಷೆಗೆ ಒಂದು ಸಂಸ್ಥೆಯೇ 2015ರಲ್ಲಿ ದೆಹಲಿಯಲ್ಲಿ ಆಗಿದೆ. ಕೈಗಳು ಆಡುವ ಭಾಷೆಗೆ ಬೆಳಗಾವಿ ಗಡಿಯ ತಕರಾರಿಲ್ಲ! ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ಹುಡುಗ ನನಗೆ ಎರಡು ಬೆರಳು ತೋರಿಸಿ, ಕೈ ಮಗುಚಿ ಏನೋ ಹೇಳಿದ. ತಾಯಿ ನಕ್ಕರು. "ಎರಡು ದೋಸೆ ತಿಂದೆ, ನಿಮಗೆ ಬೇಕಾ ಎನ್ನುತ್ತಾನೆ" ಎಂದರು. ನನಗೆ ಉತ್ತರ ಕೊಡಲು ಬರಲಿಲ್ಲ.

ಬೇರೆ ಬಗೆಯ ಮಕ್ಕಳಿರುವ ಮನೆಗಳಿಗೆ ಎರಡು ಮಾತು. ಕಣ್ಣು ಕಾಣದ ಹುಡುಗರಿಗೆ ಪುಣೆಯ ಕೋರೇಗಾಂವ್ ಪಾರ್ಕಿನಲ್ಲಿ 1934ರಲ್ಲಿ ಆರಂಭವಾದ ಶಾಲೆಯಿದೆ. ಬುದ್ಧಿಯ ಬೆಳವಣಿಗೆ ಕಡಿಮೆಯಿರುವವರಿಗೆ 1964ರಿಂದ ಕಾಮಾಯನಿ ಸಂಸ್ಥೆಯಿದೆ. ಊರಿಗೇ ಮರಳುವುದಾದರೆ ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆಯಿದೆ, ಅಲ್ಲಿ ಪರೀಕ್ಷೆಯೂ ಕನ್ನಡದಲ್ಲೇ ನಡೆಯುತ್ತದೆ. ಬುದ್ಧಿಯ ಪರೀಕ್ಷೆಗೆ ಹೋದಾಗ "ಮನೆಯ ಭಾಷೆ ಕನ್ನಡ" ಎಂದು ಮೊದಲೇ ಹೇಳಿ. ತಿಳಿಯದ ಭಾಷೆಯಲ್ಲಿ ಕೇಳಿದರೆ ಜಾಣ ಮಗುವೂ ದಡ್ಡನಾಗಿ ಕಾಣುತ್ತದೆ. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರಿಗೆ ನಿರಾಮಯ ಎಂಬ ವಿಮೆಯಿದೆ, ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ. ಇಂಥವರಿಗೆ 18 ತುಂಬಿದ ಮೇಲೆ ಪೋಷಕರ ನೇಮಕಕ್ಕೆ ಜಿಲ್ಲಾಧಿಕಾರಿಗಳ ಸಮಿತಿಗೆ ಅರ್ಜಿ ಕೊಡಬೇಕಾಗುತ್ತದೆ. ಆ ವಿಷಯ ಇನ್ನೊಂದು ದಿನ ವಿವರವಾಗಿ ಹೇಳೋಣ.

ಕಡೆಯದಾಗಿ, ಪಾಳಿಯ ಮಾತು. ಒಂದು ಪ್ರಮಾಣಪತ್ರಕ್ಕೆ ನಾಲ್ಕೈದು ದಿನ ಪುಣೆಗೆ ಹೋಗಬೇಕು. ಹೆಚ್ಚು ಜನ ದುಡಿಯುವ ಹೋಟೆಲಿನಲ್ಲಿ ವರ್ಷಕ್ಕೆ 8 ದಿನ ಸಂಬಳ ಸಹಿತ ಸಾಂದರ್ಭಿಕ ರಜೆಯನ್ನು ಮಹಾರಾಷ್ಟ್ರದ 2017ರ ಕಾಯಿದೆ ಕೊಟ್ಟಿದೆ. ಆದರೆ ಭೋರಿನ ಹೋಟೆಲುಗಳು ಹೆಚ್ಚಿನವು ಐದಾರು ಜನರವು. ಅಲ್ಲಿ ಕಾಯಿದೆ ಇಲ್ಲ, ನಾವೇ ಇದ್ದೇವೆ. ಬರುವ ಮಂಗಳವಾರ ಎರಡು ಕುಟುಂಬಗಳನ್ನು ಸಸೂನಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಒಬ್ಬರು ತಂದೆ ಚಹದ ಕಟ್ಟೆಯವರು, ಇನ್ನೊಬ್ಬರು ಪಾತ್ರೆ ತೊಳೆಯುವವರು. ಬೆಳಗಿನ ಆರರಿಂದ ಸಂಜೆಯವರೆಗೆ ಅವರ ಜಾಗದಲ್ಲಿ ನಿಲ್ಲಲು ಇಬ್ಬರು ಬೇಕು. ವಾರದ ರಜೆ ಮಂಗಳವಾರ ಇರುವವರು ಯಾರಿದ್ದೀರಿ? ಸಭೆ ಮುಗಿದ ಮೇಲೆ ಹೋಗುವ ಮುನ್ನ ನನ್ನಲ್ಲಿ ಹೆಸರು ಬರೆಸಿ.