ದಯೆಯ ಜೊತೆಗೊಂದು ಗೋಣಿಚೀಲ



ಒಮ್ಮೆ ಚಿತ್ರೀಕರಣಕ್ಕೆಂದು ಹಾನಗಲ್ಲಿನಿಂದ ಶಿಗ್ಗಾವಿಗೆ ಹೊರಟಿದ್ದೆವು. ದಾರಿಯಲ್ಲಿ ಹಿಂಗಾಲು ಮುರಿದ ನಾಯಿಯೊಂದು ಬಿದ್ದಿತ್ತು. ಕೊರಳಲ್ಲಿ ಹಳೆಯ ಪಟ್ಟಿ, ಅಂದರೆ ಯಾರೋ ಸಾಕಿ ಬಿಟ್ಟದ್ದು. ಕನಿಕರದಿಂದ ನೇರವಾಗಿ ಕೈಹಾಕಿದೆ. ಕಚ್ಚಿತು. ತಪ್ಪು ನನ್ನದೇ. ನೋವಿನಲ್ಲಿರುವ ಪ್ರಾಣಿ ಸ್ನೇಹದ ಕೈಗೂ ಹೆದರುತ್ತದೆ ಎಂಬುದನ್ನು ವಿಜ್ಞಾನ ಓದಿದ ನಾನೇ ಮರೆತಿದ್ದೆ.

ಆದ್ದರಿಂದ ಕೇಳಿ. ಮೊದಲು ಹಿಂದೆ ಬರುವ ವಾಹನಗಳಿಗೆ ಸೂಚನೆ ಕೊಡಿ. ಹೆದ್ದಾರಿಯಾದರೆ ನೀವೇ ಇಳಿಯದೆ ಹಿರಿಯರನ್ನು ಕರೆಯಿರಿ. ಪ್ರಾಣಿಗೆ ದಪ್ಪ ಬಟ್ಟೆ ಹೊದಿಸಿ, ಬಾಯಿಯ ಬಳಿ ಕೈ ಒಯ್ಯದೆ, ಇಬ್ಬರು ಸೇರಿ ಗೋಣಿಚೀಲದ ಮೇಲೆ ಮೆಲ್ಲನೆ ಸರಿಸಿ ನೆರಳಿಗೆ ತನ್ನಿ. ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸನಾಳಕ್ಕೆ ಇಳಿದೀತು. ಬಳಿಕ ಪಶು ಸಹಾಯವಾಣಿ 1962ಕ್ಕೆ ಕರೆಮಾಡಿ. ಇಲ್ಲವೇ ಪಶು ಆಸ್ಪತ್ರೆಗೆ ಒಯ್ಯಿರಿ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಪಟ್ಟಣಗಳಲ್ಲೆಲ್ಲ ಅದುಂಟು.

ಕಚ್ಚಿದರೆ ಅಥವಾ ಪರಚಿದರೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ವೈದ್ಯರನ್ನು ಕಾಣಿರಿ. ರೇಬಿಸ್ ಲಕ್ಷಣ ಕಾಣಿಸಿಕೊಂಡರೆ ಬದುಕುವುದು ತೀರ ದುರ್ಲಭ. ಅದಕ್ಕೆ ಮೊದಲೇ ಪಡೆದ ಲಸಿಕೆ ಜೀವ ಉಳಿಸುತ್ತದೆ.

ಜೀವಿಗಳಲ್ಲಿ ದಯೆ 1976ರಿಂದ ನಮ್ಮ ಸಂವಿಧಾನ ಹೇಳುವ ಮೂಲಭೂತ ಕರ್ತವ್ಯ. ನನಗೆ ಐದು ಚುಚ್ಚುಮದ್ದಾಯಿತು, ನಾಯಿ ಮೂರು ಕಾಲಿನಲ್ಲಿ ಬದುಕಿತು. ಅಂದಿನಿಂದ ನಮ್ಮ ಜೀಪಿನಲ್ಲಿ ಗೋಣಿಚೀಲವೊಂದು ಸದಾ ಇರುತ್ತದೆ.